ಚಾವುಂಡರಾಯಪುರಾಣದ ಕಾಲ ಮತ್ತು ಪಂಚಾಂಗಸಾಕ್ಷ್ಯ

ಗ್ರಂಥಾಂತ್ಯದ ಕಾಲೋಲ್ಲೇಖವನ್ನು ರೂಢಿಯ ಮಾತೆಂದು ಕಡೆಗಣಿಸುವುದು ಉಚಿತವಲ್ಲ. ಶಕವರ್ಷ, ಸಂವತ್ಸರ, ತಿಥಿ, ವಾರ, ನಕ್ಷತ್ರಗಳು ಒಂದಕ್ಕೊಂದು ಸಾಕ್ಷಿಗಳು. ಒಂದರಿಂದ ಹುಟ್ಟಿದ ಸಂದೇಹವನ್ನು ಮತ್ತೊಂದು ಪರಿಹರಿಸುತ್ತದೆ. ಇದಕ್ಕೆ ಚಾವುಂಡರಾಯಪುರಾಣವೇ ಉತ್ತಮ ನಿದರ್ಶನ.

ಈ ಕೃತಿಯು ಶಕ 900, ಈಶ್ವರ ಸಂವತ್ಸರ, ಫಾಲ್ಗುಣ ಶುದ್ಧ ಅಷ್ಟಮಿ, ಸೋಮವಾರ, ರೋಹಿಣೀ ನಕ್ಷತ್ರದಲ್ಲಿ ಸಮಾಪ್ತವಾಯಿತು. ಇಲ್ಲಿ ಶಕವರ್ಷವು ಗತವೋ ವರ್ತಮಾನವೋ ಎಂಬುದೇ ಪ್ರಶ್ನೆ. ಗತವೆಂದು ಗ್ರಹಿಸಿದರೆ ಕ್ರಿ.ಶ. 978-79 ದೊರೆಯುತ್ತದೆ, ಆದರೆ ಅದು ಬಹುಧಾನ್ಯ ಸಂವತ್ಸರ. ವರ್ತಮಾನವೆಂದು ಗ್ರಹಿಸಿದರೆ 977-78, ಅದೇ ಈಶ್ವರ. ಆ ವರ್ಷದ ಫಾಲ್ಗುಣ ಶುದ್ಧ ಅಷ್ಟಮಿ ಕ್ರಿ.ಶ. 978ರ ಫೆಬ್ರವರಿ 18ರಂದು ಬರುತ್ತದೆ, ಅಂದು ಸೋಮವಾರ. ಮರುವರ್ಷದ ಅದೇ ತಿಥಿ ಸುಮಾರು 354 ದಿನಗಳ ಅನಂತರ ಬರುವುದರಿಂದ ವಾರವು ನಾಲ್ಕು ದಿನ ಮುಂದುವರಿದು ಶುಕ್ರವಾರದ ಆಸುಪಾಸಿಗೆ ಸಲ್ಲುತ್ತದೆ, ಸೋಮವಾರ ಹೊಂದುವುದಿಲ್ಲ. ಹೀಗೆ ಸಂವತ್ಸರವೂ ವಾರವೂ ಒಂದೇ ನಿರ್ಣಯವನ್ನು ಕೊಡುತ್ತವೆ.

ಈ ನಿರ್ಣಯಕ್ಕೆ ಮಹತ್ತ್ವವಿದೆ. ಪುರಾಣದಲ್ಲಿ ಬೆಳ್ಗೊಳದ ಗೊಮ್ಮಟಮೂರ್ತಿಯ ಪ್ರಸ್ತಾಪವಿಲ್ಲವಾದುದರಿಂದ ಪ್ರತಿಷ್ಠೆಯು 978ರ ತರುವಾಯದ್ದೆಂದು ವಿದ್ವಾಂಸರು ಊಹಿಸಿದ್ದಾರೆ. ಪ್ರತಿಷ್ಠಾಕಾಲಕ್ಕೆ ಆಧಾರವೆಂದು ಉದ್ಧರಿಸಲಾಗುವ ಸಂಸ್ಕೃತ ಬಾಹುಬಲಿಚರಿತೆಯಾದರೋ ಬಹುಕಾಲದ ನಂತರದ್ದು. ಅದು ಹೇಳುವುದು ಕಲ್ಕಿ ಶಕ 600, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಕುಂಭಲಗ್ನ. ಇದಕ್ಕೆ ಸೂಚಿತವಾದ ದಿನಗಳಲ್ಲಿ 981ರ ಮಾರ್ಚ್ 13 ಒಂದು, 1028ರ ಮಾರ್ಚ್ 3 ಇನ್ನೊಂದು. ಎರಡೂ ಭಾನುವಾರಗಳೇ, ಪಂಚಮಿಯೂ ಎರಡಕ್ಕೂ ಹೊಂದುತ್ತದೆ. ಆದರೆ ದಕ್ಷಿಣದ ಗಣನೆಯಲ್ಲಿ 981-82 ವೃಷ ಸಂವತ್ಸರ; ವಿಭವವು 1028-29ಕ್ಕೆ ಸಲ್ಲುತ್ತದೆ. ಅದಾದರೋ ಗಂಗ ಮಾರಸಿಂಹ, ರಾಚಮಲ್ಲರ ಮಂತ್ರಿಯಾಗಿದ್ದ ಚಾವುಂಡರಾಯನಿಗೆ ತೀರ ಈಚಿನದು.

ಲಗ್ನದ ವಿಚಾರವೂ ಗಮನಾರ್ಹ. ಎರಡು ದಿನಗಳಲ್ಲಿಯೂ ರವಿಯು ಮೀನರಾಶಿಯಲ್ಲಿದ್ದುದರಿಂದ ಕುಂಭಲಗ್ನವು ಸೂರ್ಯೋದಯಕ್ಕೆ ಮೊದಲೇ ಮುಗಿಯುತ್ತದೆ. ವಾರವು ಸೂರ್ಯೋದಯದಿಂದ ಮೊದಲಾಗುವುದಾದರೆ, ಭಾನುವಾರದ ಕುಂಭಲಗ್ನವೆಂದರೆ ಸೋಮವಾರದ ಉದಯಕ್ಕೆ ಮುಂಚಿನ ವೇಳೆ. ಅಷ್ಟರಲ್ಲಿ ಪಂಚಮಿ ಉಳಿದಿತ್ತೇ ಎಂಬುದನ್ನು ಘಳಿಗೆಗಳ ಲೆಕ್ಕದಿಂದ ನೋಡದೆ ಪದ್ಯವನ್ನು ಪ್ರಮಾಣವೆಂದು ಒಪ್ಪಲಾಗದು.

ತಿಥಿ, ವಾರ, ನಕ್ಷತ್ರಗಳ ಕೂಟ ಹಲವು ವರ್ಷಗಳಲ್ಲಿ ಮರುಕಳಿಸುತ್ತದೆ. ಅವು ಕೂಡಿದ ಮಾತ್ರಕ್ಕೆ ಕಾಲ ಸಿದ್ಧವಾಗದು. ವರ್ಷದ ಹೆಸರೂ ಉಲ್ಲೇಖದ ಸಮಕಾಲೀನತೆಯೂ ಅವುಗಳೊಡನೆ ನಿಲ್ಲಬೇಕು. ಆ ಎರಡೂ ಪುರಾಣದ ಉಲ್ಲೇಖಕ್ಕಿವೆ, ಚರಿತೆಯ ಪದ್ಯಕ್ಕಿಲ್ಲ. ಆದುದರಿಂದ ಗ್ರಂಥಸಂಪಾದಕರು ಕಾಲೋಲ್ಲೇಖವನ್ನು ಶಕವರ್ಷಕ್ಕೆ ಸಂಕ್ಷೇಪಿಸದೆ, ಎಲ್ಲ ಅಂಗಗಳನ್ನೂ ಪಾಠಾಂತರಸಹಿತವಾಗಿ ಮುದ್ರಿಸುವುದು ಅವಶ್ಯಕ.