ಬೆಳೆದ ಮುಧೋಳ ನಾಯಿಯನ್ನು ಮನೆಗೆ ತರುವ ಮುನ್ನ

ಬಾಗಲಕೋಟೆ ಜಿಲ್ಲೆಯ ಮುಧೋಳ ಬೇಟೆನಾಯಿ ನಮ್ಮ ರೈತರಿಗೆ ಹೊಸದಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಲ್ಲಿ ಹೆಸರಾದ ಈ ತಳಿಯ ಅಂಚೆಚೀಟಿಯನ್ನು ಅಂಚೆ ಇಲಾಖೆಯು 2005ರಲ್ಲಿ ಹೊರತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ತಳಿಯ ಸಂವರ್ಧನೆ ನಡೆಯುತ್ತದೆ. ಎಲ್ಲರೂ ಕೇಳುವುದು ಮರಿಯನ್ನೇ. ಓಟ ತಗ್ಗಿದ, ಮರಿ ಹಾಕುವ ವಯಸ್ಸು ದಾಟಿದ ಅಥವಾ ಮಾಲೀಕರು ಊರು ಬಿಟ್ಟಿದ್ದರಿಂದ ನೆಲೆ ತಪ್ಪಿದ ನಾಲ್ಕೈದು ವರ್ಷದ ನಾಯಿಯನ್ನು ಕೇಳುವವರು ವಿರಳ. ಅಂತಹ ನಾಯಿಗೆ ಇನ್ನೂ ಆರೇಳು ವರ್ಷಗಳ ಬದುಕು ಉಳಿದಿರುತ್ತದೆ.

ಐರ್ಲೆಂಡ್, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಪಂದ್ಯದಿಂದ ನಿವೃತ್ತವಾದ ಗ್ರೇಹೌಂಡ್ ನಾಯಿಗಳನ್ನು ಮನೆಗಳಲ್ಲಿ ಸಾಕುವ ಪದ್ಧತಿ ಚೆನ್ನಾಗಿ ಬೇರೂರಿದೆ. ಮುಧೋಳ ನಾಯಿಯೂ ಅದರಂತೆ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯ ಹಿಂದೆ ಓಡುವ ಗುಂಪಿಗೆ ಸೇರಿದುದರಿಂದ, ಅಲ್ಲಿಯ ಅನುಭವದ ಬಹುಪಾಲು ನಮಗೂ ಅನ್ವಯಿಸುತ್ತದೆ.

ಆಯ್ಕೆಗೆ ಮುನ್ನ ಪರೀಕ್ಷೆ

ಮನೆಯಲ್ಲಿ ಕೋಳಿ, ಬೆಕ್ಕು ಅಥವಾ ಆಡಿನ ಮರಿಗಳಿದ್ದರೆ ಈ ಪರೀಕ್ಷೆಯನ್ನು ಮಾಡದೆ ನಾಯಿಯನ್ನು ತರಬಾರದು. ನಾಯಿ ಈಗಿರುವ ಸ್ಥಳದಲ್ಲಿಯೇ ಅದನ್ನು ಗಟ್ಟಿಯಾದ ಹಗ್ಗದಲ್ಲಿ ಹಿಡಿದು, ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಪಂಜರದೊಳಗಿನ ಕೋಳಿಯನ್ನು ತೋರಿಸಬೇಕು. ಒಮ್ಮೆ ನೋಡಿ, ಹೆಸರು ಕರೆದಾಗ ಮುಖ ತಿರುಗಿಸುವ ನಾಯಿಯನ್ನು ಪಳಗಿಸಬಹುದು. ಕಿವಿ ನಿಮಿರಿಸಿ, ಮೈ ಬಿಗಿದು, ನಡುಗುತ್ತಾ ದಿಟ್ಟಿಸಿ, ಎಷ್ಟು ಕರೆದರೂ ಕಣ್ಣು ಕೀಳದ ನಾಯಿಯನ್ನು ಅಂತಹ ಮನೆಗೆ ತರಕೂಡದು. ಅದು ನಾಯಿಯ ದೋಷವಲ್ಲ. ತಲೆಮಾರುಗಳಿಂದ ಆ ಗುಣಕ್ಕಾಗಿಯೇ ಅದನ್ನು ಆಯ್ದು ಬೆಳೆಸಲಾಗಿದೆ. ಎರಡು ಕೋಳಿ ಸತ್ತ ಮೇಲೆ ನಾಯಿಯನ್ನು ಹೆದ್ದಾರಿಯ ಬದಿಯಲ್ಲಿ ಬಿಟ್ಟು ಬರುವುದಕ್ಕಿಂತ, ಮೊದಲೇ ಬೇಡವೆನ್ನುವುದು ಮೇಲು. ಪರೀಕ್ಷೆಯಲ್ಲಿ ಗೆದ್ದ ನಾಯಿಯನ್ನೂ ಮೊದಲ ತಿಂಗಳುಗಳಲ್ಲಿ ಕೋಳಿಗಳೊಡನೆ ಒಂಟಿಯಾಗಿ ಬಿಡಬಾರದು.

ಮೊಲದ ಬೇಟೆಗಾಗಿ ಈ ನಾಯಿಯನ್ನು ಬಳಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಉದ್ದೇಶವಿರುವವರು ಇಲ್ಲಿಗೆ ಓದು ನಿಲ್ಲಿಸಬಹುದು.

ಮೊದಲ ವಾರಗಳು

ಹೊಲದ ಗುಡಿಸಲಿನ ಬಳಿ ಕಟ್ಟಿಹಾಕಿಯೇ ಬೆಳೆದ ನಾಯಿಗೆ ಮನೆ ಎಂಬುದು ಹೊಸ ಲೋಕ. ನುಣುಪಾದ ಟೈಲ್ಸ್ ನೆಲದ ಮೇಲೆ ಅದರ ಕಾಲು ಜಾರುತ್ತದೆ. ಮೆಟ್ಟಿಲು ಹತ್ತಲು ಹೆದರುತ್ತದೆ. ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ. ಓಡಾಡುವ ಜಾಗದಲ್ಲಿ ಗೋಣಿತಾಟು ಹಾಸಬೇಕು, ಗಾಜಿಗೆ ಕಾಗದದ ಪಟ್ಟಿ ಅಂಟಿಸಬೇಕು. ಎರಡು-ಮೂರು ಗಂಟೆಗೊಮ್ಮೆ, ಊಟವಾದ ಕೂಡಲೇ ಹಾಗೂ ನಿದ್ದೆಯಿಂದ ಎದ್ದ ಕೂಡಲೇ ಹೊರಗೆ ಕರೆದೊಯ್ದರೆ ಮನೆಯೊಳಗೆ ಗಲೀಜು ಮಾಡುವ ಅಭ್ಯಾಸ ತಪ್ಪುತ್ತದೆ. ಹೊಡೆದು ಕಲಿಸಲು ಹೋಗಬಾರದು. ಈ ತಳಿ ಒಮ್ಮೆ ಅಂಜಿದರೆ ಮತ್ತೆ ನಂಬುವುದು ತಡವಾಗುತ್ತದೆ.

ಮಕ್ಕಳಿರುವ ಮನೆಯವರು ಗಮನಿಸಬೇಕಾದ ಮಾತೊಂದಿದೆ. ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬಾರದು. ಒಂಟಿಯಾಗಿ ಮಲಗಿ ರೂಢಿಯಾದ ನಾಯಿ ಬೆಚ್ಚಿಬಿದ್ದು ಕಚ್ಚಬಹುದು. ದೂರದಿಂದ ಹೆಸರು ಕರೆದು, ಅದು ಕಣ್ಣು ಬಿಟ್ಟ ಮೇಲೆಯೇ ಹತ್ತಿರ ಹೋಗಬೇಕು. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಮೂಳೆಗಳು ಎದ್ದಿರುತ್ತವೆ; ಬರಿ ನೆಲದ ಮೇಲೆ ಮಲಗಿಸಿದರೆ ಮೊಣಕೈಗಳಲ್ಲಿ ಹುಣ್ಣಾಗುತ್ತದೆ. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಸಾಕು.

ಹಗ್ಗ, ಪಟ್ಟಿ, ಓಟ

ಈ ನಾಯಿಯ ತಲೆ ಸಪೂರ. ಸಾಮಾನ್ಯ ಕೊರಳಪಟ್ಟಿ ಹಿಂದಕ್ಕೆ ಎಳೆದಾಗ ಕಳಚಿಕೊಳ್ಳುತ್ತದೆ. ಎಳೆದಾಗ ತುಸು ಬಿಗಿಯುವ, ಆದರೆ ಉಸಿರು ಕಟ್ಟದ ಅಗಲವಾದ ಪಟ್ಟಿಯನ್ನು ಹಾಕಬೇಕು. ರಸ್ತೆಯ ಸಮೀಪ ಹಗ್ಗ ಬಿಚ್ಚಲೇಬಾರದು. ಓಡುವ ಬೆಕ್ಕು ಕಣ್ಣಿಗೆ ಬಿದ್ದರೆ ನಿಮ್ಮ ಕೂಗು ಅದರ ಕಿವಿಗೆ ಮುಟ್ಟುವುದಿಲ್ಲ, ಲಾರಿಯ ಸದ್ದೂ ಮುಟ್ಟುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆಯ ನಡಿಗೆ, ಸಾಧ್ಯವಾದಾಗ ಎತ್ತರದ ಬೇಲಿಯಿರುವ ತೋಟದಲ್ಲಿ ಬಿಡುವಾದ ಓಟ ಇದ್ದರೆ ಉಳಿದ ಹೊತ್ತೆಲ್ಲ ಅದು ಮಲಗಿಯೇ ಕಳೆಯುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಓಡಿಸಬಾರದು. ದಿನವಿಡೀ ಸರಪಳಿಯಲ್ಲಿ ಕಟ್ಟುವುದಾದರೆ ಈ ತಳಿಯನ್ನು ಸಾಕದಿರುವುದೇ ಒಳಿತು.

ಆಹಾರ ಮತ್ತು ಆರೋಗ್ಯ

ಬೆಳೆದ ನಾಯಿಯ ತೂಕ ಸಾಮಾನ್ಯವಾಗಿ 22ರಿಂದ 28 ಕಿ.ಗ್ರಾಂ. ಜೋಳ ಅಥವಾ ಮೆಕ್ಕೆಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮೊಟ್ಟೆ, ಬೇಯಿಸಿದ ಮಾಂಸ ಅಥವಾ ಮೊಸರು ಬೆರೆಸಿ ದಿನಕ್ಕೆ ಎರಡು ಬಾರಿ ಕೊಡಬೇಕು, ನುಚ್ಚೊಂದೇ ಸಾಲದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷಕಾರಿ. ಕೊನೆಯ ಎರಡು-ಮೂರು ಪಕ್ಕೆಲುಬು ಕಾಣುವುದು ಈ ತಳಿಯ ಆರೋಗ್ಯದ ಲಕ್ಷಣ. ಬಂದ ನೆಂಟರು ‘ನಾಯಿ ಸೊರಗಿದೆ’ ಎಂದರೆಂದು ಕೊಬ್ಬಿಸಬೇಡಿ. ಊಟದ ನಂತರ ಒಂದು ಗಂಟೆಯಾದರೂ ಓಡಿಸಬಾರದು. ಎದೆಗೂಡು ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ಬಿಗಿದು, ವಾಂತಿಗೆ ಹವಣಿಸಿದರೂ ಏನೂ ಬಾರದಿದ್ದರೆ ಬೆಳಗಾಗುವವರೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಲಸಿಕೆಯ ದಾಖಲೆ ಇಲ್ಲದ ನಾಯಿಯನ್ನು ಲಸಿಕೆ ಪಡೆಯದ ನಾಯಿಯೆಂದೇ ಭಾವಿಸಿ, ರೇಬೀಸ್ ಮತ್ತು ಸಂಯುಕ್ತ ಲಸಿಕೆಗಳನ್ನು ಹೊಸದಾಗಿ ಆರಂಭಿಸಬೇಕು. ಮೂರು ತಿಂಗಳಿಗೊಮ್ಮೆ ಜಂತುನಾಶಕ ಔಷಧಿ ಕೊಡಿಸಬೇಕು. ಉಣ್ಣೆಗಳಿಂದ ರಕ್ತದ ರೋಗ ತಗಲುವುದರಿಂದ ಕಿವಿ ಮತ್ತು ಬೆರಳ ಸಂದುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಬೇಕು. ತೆಳುವಾದ ಚರ್ಮ ಬೇಲಿಯ ಮುಳ್ಳಿಗೂ ಹರಿಯುತ್ತದೆ. ದೊಡ್ಡ ಗಾಯಕ್ಕೆ ಹೊಲಿಗೆಯೇ ಬೇಕು, ಅರಿಸಿನವಲ್ಲ. ಮನುಷ್ಯರ ನೋವಿನ ಮಾತ್ರೆಯನ್ನು ಕೊಡಲೇಬಾರದು. ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ತಳಿ ಯಾವುದೆಂದು ವೈದ್ಯರಿಗೆ ಮೊದಲೇ ತಿಳಿಸಿರಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಗ್ರೇಹೌಂಡುಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಪರಿಣಾಮ ಬೇಗ ಇಳಿಯುವುದಿಲ್ಲ. ಮುಧೋಳ ನಾಯಿಗೂ ಅದೇ ಎಚ್ಚರಿಕೆ ಲೇಸು.

ಹೊಂದಾಣಿಕೆಯಾಗದಿದ್ದರೆ ಒಂದು ತಿಂಗಳೊಳಗೆ ನಾಯಿಯನ್ನು ಮರಳಿ ಪಡೆಯುವಂತೆ ಹಿಂದಿನ ಮಾಲೀಕರಿಂದ ತರುವ ದಿನವೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆದಿರಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲ ವಾರವೇ ನಾಯಿಯ ತಪಾಸಣೆ ಮಾಡಿಸಿ, ಚಿಕಿತ್ಸಾ ಪುಸ್ತಕ ತೆರೆಸಿರಿ.