ಸೈಲೆಂಟ್ ನೈಟ್: ಒಂದು ಊರಿನಿಂದ ಊರೂರಿಗೆ ಹೋದ ಹಾಡು



ಡಿಸೆಂಬರ್ 24ರ ನಡುರಾತ್ರಿ ಬಲಿಪೂಜೆಯಲ್ಲಿ ಬಾಲಯೇಸುವಿನ ಸ್ವರೂಪವನ್ನು ಗೋದಲಿಗೆ ಕೊಂಡೊಯ್ಯುವಾಗ ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ದೇವಾಲಯದ ದೀಪಗಳನ್ನು ಆರಿಸುತ್ತಾರೆ. ಆಗ ಗಾನವೃಂದದವರು ಎತ್ತಿಕೊಳ್ಳುವ ಹಾಡು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಹಾಡಿದರೂ ಇಂಗ್ಲಿಷಿನಲ್ಲಿ ಹಾಡಿದರೂ ರಾಗ ಅದೇ. ಆ ರಾಗ ಕಿವಿಗೆ ಬಿದ್ದೊಡನೆ ಒಬ್ಬೊಬ್ಬರಿಗೂ ಒಂದೊಂದು ಊರು, ಒಂದೊಂದು ಚರ್ಚು, ಈಗ ನಮ್ಮೊಡನಿಲ್ಲದ ಯಾರದೋ ಮುಖ ನೆನಪಾಗುತ್ತದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಹಳೆಯ ಹೆಂಚಿನ ದೇವಾಲಯವಿತ್ತು. ಮಳೆಗಾಲದಲ್ಲಿ ಸೋರುತ್ತಿತ್ತು, ಹಬ್ಬದ ದಿನ ಅರ್ಧ ಜನ ಹೊರಗೆ ನಿಲ್ಲುತ್ತಿದ್ದರು. ಅದನ್ನು ಕೆಡವಿ ಹೊಸದನ್ನು ಕಟ್ಟಿಸಿದವನು ನಾನೇ. ಹೊಸ ದೇವಾಲಯದ ಮೊದಲ ಕ್ರಿಸ್ತಜಯಂತಿಯ ಪೂಜೆ ಮುಗಿದು ಅಂಗಳದಲ್ಲಿ ಕೇಕ್ ಹಂಚುತ್ತಿದ್ದಾಗ, ನಲವತ್ತು ವರ್ಷ ಗಾನವೃಂದ ನಡೆಸಿದ ಹಿರಿಯರೊಬ್ಬರು (ಊರಿಗೆಲ್ಲ ಅವರು ‘ಮಾಸ್ಟ್ರು’) ನನ್ನ ಬಳಿ ಬಂದು, “ಫಾದರ್, ಎಲ್ಲಾ ಚೆನ್ನಾಗಿತ್ತು. ಆದ್ರೆ ಆ ಹಾಡು ಮಾತ್ರ ಬೇರೆ ಯಾರದೋ ಮನೆಗೆ ಬಂದು ನಿಂತ ಹಾಗಿತ್ತು” ಎಂದರು. ನಾನು ನಕ್ಕು, “ಕಾಂಕ್ರೀಟ್ ಗೋಡೆ ಮಾಸ್ಟ್ರೇ, ಪ್ರತಿಧ್ವನಿ ಜಾಸ್ತಿ. ಮೈಕ್ ಸರಿ ಮಾಡಿಸೋಣ ಬಿಡಿ” ಎಂದೆ. ಅವರು ಮುಂದೆ ಮಾತಾಡಲಿಲ್ಲ. ನನ್ನ ಉತ್ತರ ಅವರ ಮಾತಿಗೆ ಉತ್ತರವೇ ಆಗಿರಲಿಲ್ಲ ಎಂದು ತಿಳಿಯಲು ನನಗೆ ಆ ಹಾಡಿನ ಚರಿತ್ರೆಯನ್ನೇ ಓದಬೇಕಾಯಿತು.

ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ನಗರದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಸಾಲ್ಜಾಖ್ ನದಿಯ ದಡದಲ್ಲಿ ಓಬರ್ನ್‌ಡಾರ್ಫ್ ಎಂಬ ಊರಿದೆ. ಹಾಲೈನ್ ಗಣಿಯ ಉಪ್ಪನ್ನು ದೋಣಿಗಳಲ್ಲಿ ಸಾಗಿಸುವುದು ಆಗ ಅಲ್ಲಿನವರ ಕಸುಬಾಗಿತ್ತು. ಚಳಿಗಾಲ ಬಂತೆಂದರೆ ಕೆಲಸವಿರುತ್ತಿರಲಿಲ್ಲ, ಕೂಲಿಯಿರುತ್ತಿರಲಿಲ್ಲ. ನದಿಯ ಆಚೆ ದಡದ ಲೌಫೆನ್ ಪಟ್ಟಣಕ್ಕೇ ಅದು ಸೇರಿತ್ತು. ನೆಪೋಲಿಯನ್ನನ ಯುದ್ಧಗಳು ಮುಗಿದು 1816ರಲ್ಲಿ ಗಡಿ ಗುರುತಿಸಿದಾಗ ನದಿಯೇ ಗಡಿಯಾಯಿತು. ಲೌಫೆನ್ ಬವೇರಿಯಾಕ್ಕೆ ಹೋಯಿತು, ಓಬರ್ನ್‌ಡಾರ್ಫ್ ಆಸ್ಟ್ರಿಯಾಕ್ಕೆ ಸೇರಿತು. ಹಿರಿಯರು ಪೂಜೆ ಕೇಳಿದ ದೊಡ್ಡ ದೇವಾಲಯ ಪರದೇಶದ ಪಾಲಾಯಿತು. ಈಚೆ ದಡದವರಿಗೆ ಉಳಿದದ್ದು ದೋಣಿಕಾರರ ಪಾಲಕರಾದ ಸಂತ ನಿಕೋಲಾಸರ ಚಿಕ್ಕ ದೇವಾಲಯ. ಅದನ್ನೇ ಹೊಸ ಧರ್ಮಕೇಂದ್ರವೆಂದು ಮಾಡಲಾಯಿತು. ಅಲ್ಲಿಗೆ 1817ರಲ್ಲಿ ಸಹಾಯಕ ಗುರುವಾಗಿ ಬಂದವರು ಜೋಸೆಫ್ ಮೋರ್.

ಈ ಗುರುವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವರು 1792ರ ಡಿಸೆಂಬರ್ 11ರಂದು ಸಾಲ್ಸ್‌ಬರ್ಗಿನಲ್ಲಿ ಹುಟ್ಟಿದರು. ತಾಯಿ ಅನ್ನಾ ಶೊಯ್ಬರ್ ಹೆಣಿಗೆ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಅವಿವಾಹಿತೆ. ತಂದೆ ಫ್ರಾನ್ಜ್ ಮೋರ್ ಒಬ್ಬ ಸಿಪಾಯಿ. ಸೈನ್ಯವನ್ನೂ ಆಕೆಯನ್ನೂ ಬಿಟ್ಟು ಓಡಿಹೋಗಿದ್ದ. ಮಗುವಿಗೆ ಜ್ಞಾನತಂದೆಯಾಗಿ ದಾಖಲೆಯಲ್ಲಿರುವುದು ಸಾಲ್ಸ್‌ಬರ್ಗಿನಲ್ಲಿ ಮರಣದಂಡನೆ ಜಾರಿ ಮಾಡುತ್ತಿದ್ದ ವಧಕಾರನ ಹೆಸರು. ಊರಿನ ಮರ್ಯಾದಸ್ಥರು ಯಾರೂ ಮುಟ್ಟಿಸಿಕೊಳ್ಳದ ಕೆಲಸದವನು ಅವನು. ಇಂಥ ಹುಡುಗನ ದನಿಯನ್ನು ಗಮನಿಸಿ, ಕೈಹಿಡಿದು ಓದಿಸಿದವರು ಪ್ರಧಾನಾಲಯದ ಸಂಗೀತ ನೋಡಿಕೊಳ್ಳುತ್ತಿದ್ದ ಗುರು ಹಿಯರ್ನ್ಲೆಯವರು. ಆದರೂ ಮದುವೆಯಿಲ್ಲದ ತಾಯಿಗೆ ಹುಟ್ಟಿದವರೆಂಬ ಕಾರಣಕ್ಕೆ ಯಾಜಕದೀಕ್ಷೆ ಪಡೆಯಲು ಮೋರ್ ಅವರಿಗೆ ವಿಶೇಷ ವಿನಾಯಿತಿ ಬೇಕಾಯಿತು. 1815ರಲ್ಲಿ ಅವರಿಗೆ ದೀಕ್ಷೆಯಾಯಿತು. ಈ ಅಡ್ಡಿ 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ ಇತ್ತು, 1983ರ ಸಂಹಿತೆಯಲ್ಲಿ ಇಲ್ಲ. ಗುರುಮಠದಲ್ಲಿ ಈ ಪಾಠವನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದರೊಳಗೆ ಒಬ್ಬ ಮನುಷ್ಯನ ಮುಖ ಇದೆಯೆಂದು ಆಗ ಹೊಳೆದಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಬಗ್ಗೆ ಲೋಕವೆಲ್ಲ ಹಾಡುವ ಹಾಡನ್ನು ಬರೆದವರು ಹೀಗೆ ಹುಟ್ಟಿದವರು.

ಓಬರ್ನ್‌ಡಾರ್ಫಿನಲ್ಲಿ ಅವರ ಮೇಲಿನ ಗುರುವಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಜನರೊಂದಿಗೆ ಸಲಿಗೆ ಜಾಸ್ತಿ, ಭಕ್ತಿಗೆ ಒಗ್ಗದ ಹಾಡು ಹಾಡುತ್ತಾರೆ ಎಂದು ಮೇಲಿನವರಿಗೆ ದೂರು ಹೋಯಿತು. ಮೋರ್ ಅವರ ಬಳಿ ಒಂದು ಗಿಟಾರ್ ಇತ್ತು. ಅದು ಈಗ ಹಾಲೈನಿನ ವಸ್ತುಸಂಗ್ರಹಾಲಯದಲ್ಲಿದೆ. ಯುವಕರು ಗಿಟಾರ್ ಹಿಡಿದು ಪೂಜೆಗೆ ಬಂದರೆ ಇವತ್ತಿಗೂ ಗೊಣಗುವ ನಮ್ಮ ಹಿರಿಯರು ಇದನ್ನು ಓದಿಕೊಳ್ಳಲಿ!

ಹತ್ತಿರದ ಆರ್ನ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಫ್ರಾನ್ಜ್ ಕ್ಸೇವರ್ ಗ್ರೂಬರ್ ಎಂಬ ಶಾಲಾ ಮೇಷ್ಟ್ರಿದ್ದರು. ನೇಕಾರರ ಮಗ. ಓಬರ್ನ್‌ಡಾರ್ಫಿನ ದೇವಾಲಯದಲ್ಲಿ ಆರ್ಗನ್ ನುಡಿಸುವ ಹೊಣೆಯೂ ಅವರದೇ. 1818ರ ಡಿಸೆಂಬರ್ 24ರಂದು ಮೋರ್ ತಾವು ಬರೆದ ಕವಿತೆಯನ್ನು ಗ್ರೂಬರರ ಕೈಗಿತ್ತು, ಇಬ್ಬರು ಹಾಡುವಂತೆ, ಗಾನವೃಂದ ಜೊತೆಗೂಡುವಂತೆ, ಗಿಟಾರಿಗೆ ಹೊಂದುವಂತೆ ರಾಗ ಹಾಕಿಕೊಡಿ ಎಂದರು. ಗ್ರೂಬರ್ ಅದೇ ದಿನ ಸಂಜೆ ರಾಗ ಕೂರಿಸಿ ತಂದರು. ಅದೇ ಪವಿತ್ರ ರಾತ್ರಿ ಮೋರ್ ಗಿಟಾರ್ ನುಡಿಸುತ್ತಾ ಮೇಲಿನ ದನಿಯಲ್ಲಿ, ಗ್ರೂಬರ್ ಕೆಳದನಿಯಲ್ಲಿ ಹಾಡಿದರು. ಪೂಜೆಯೆಲ್ಲ ಲತೀನಿನಲ್ಲಿ ನಡೆಯುತ್ತಿದ್ದ ಕಾಲ ಅದು. ದೋಣಿಕಾರರಿಗೆ ತಮ್ಮದೇ ಜರ್ಮನ್ ಮಾತಿನಲ್ಲಿ ಒಂದು ಹಾಡು ಸಿಕ್ಕಿತು.

ಗಿಟಾರ್ ಏಕೆ? ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಆರ್ಗನ್ನಿನ ತಿದಿಯನ್ನು ಇಲಿಗಳು ಕಡಿದು ಹಾಕಿದ್ದವು, ವಾದ್ಯ ಕೈಕೊಟ್ಟಿತು, ಗುರುಗಳು ದಿಕ್ಕುತೋಚದೆ ಹಿಮದಲ್ಲಿ ನಡೆಯುತ್ತಿದ್ದಾಗ ಈ ಹಾಡು ಹೊಳೆಯಿತು ಎಂಬ ಕಥೆಯನ್ನು ನಾನು ಎಷ್ಟೋ ವರ್ಷ ಪ್ರಬೋಧನೆಯಲ್ಲಿ ಹೇಳಿದ್ದೇನೆ. ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು. ನಮ್ಮ ಮಾಸ್ಟ್ರು ಒಮ್ಮೆ, “ಇಲಿ ಕಡಿದದ್ದನ್ನ ಯಾರು ನೋಡಿದ್ರು ಫಾದರ್?” ಎಂದು ಕೇಳಿದ್ದರು. ಯಾರೂ ನೋಡಿಲ್ಲ. 1854ರ ಡಿಸೆಂಬರ್ 30ರಂದು ಗ್ರೂಬರ್ ತಾವೇ ಬರೆದಿಟ್ಟ ವಿವರಣೆಯಲ್ಲಿ ಇಲಿಯೂ ಇಲ್ಲ, ಕೆಟ್ಟುಹೋದ ಆರ್ಗನ್ನೂ ಇಲ್ಲ. ಅದು ಬಹಳ ಕಾಲದ ನಂತರ ಹೆಣೆದ ಕಥೆ. ಮೋರ್ ತಮ್ಮ ಕೈಯಾರೆ ಬರೆದ ಹಾಡಿನ ಪ್ರತಿಯೊಂದು 1995ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಕವಿತೆ ಬರೆದ ವರ್ಷ 1816 ಎಂದಿದೆ. ಅಂದರೆ ಪದಗಳು ಆ ರಾತ್ರಿಯ ಗಡಿಬಿಡಿಯಲ್ಲಿ ಹುಟ್ಟಿದವಲ್ಲ. ಎರಡು ವರ್ಷ ಮೊದಲು, ಮೋರ್ ಬೆಟ್ಟದ ಮೇಲಿನ ಮರಿಯಾಫಾರ್ ಎಂಬ ಊರಿನಲ್ಲಿ ಗುರುವಾಗಿದ್ದಾಗ ಬರೆದದ್ದು. ಅದು ಅವರ ತಂದೆಯ ಕಡೆಯವರ ಸೀಮೆ. ದೂರದ ಇಂಡೋನೇಷ್ಯಾದಲ್ಲಿ 1815ರಲ್ಲಿ ತಂಬೋರಾ ಅಗ್ನಿಪರ್ವತ ಸಿಡಿದು, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರದೆ ಬೆಳೆ ಕೆಟ್ಟುಹೋದ ವರ್ಷ 1816. ಯುದ್ಧ ಆಗತಾನೇ ಮುಗಿದಿತ್ತು, ಹಸಿವು ಮುಗಿದಿರಲಿಲ್ಲ. ಮೋರ್ ಬರೆದದ್ದು ಆರು ಚರಣ, ನಾವು ಹಾಡುವುದು ಮೂರು. ನಾವು ಬಿಟ್ಟುಬಿಟ್ಟವುಗಳಲ್ಲಿ ಒಂದು, ಯೇಸು ಲೋಕದ ಎಲ್ಲಾ ಜನಾಂಗಗಳನ್ನು ಸಹೋದರನಂತೆ ಅಪ್ಪಿಕೊಳ್ಳುವುದನ್ನು ಹೇಳುತ್ತದೆ. ಇಲಿಯ ಕಥೆಗಿಂತ ಈ ನಿಜ ನನಗೆ ಹೆಚ್ಚು ರುಚಿಸುತ್ತದೆ.

ಹಾಡು ಊರು ಬಿಟ್ಟು ಹೊರಟದ್ದು ಆರ್ಗನ್ ಕೆಲಸಕ್ಕೆ ಬಂದ ಕಾರ್ಲ್ ಮೌರಾಖರ್ ಎಂಬವರ ಮೂಲಕವೆಂದು ಹೇಳುತ್ತಾರೆ. ಅವರು ಟಿರೋಲ್ ಸೀಮೆಯ ಸಿಲ್ಲರ್ ಕಣಿವೆಯವರು. ಅಲ್ಲಿಯ ಸ್ಟ್ರಾಸರ್ ಕುಟುಂಬದವರು ಕೈಗವಸು ಮಾರಲು ಜರ್ಮನಿಯ ಲೈಪ್‌ಜಿಗ್ ಜಾತ್ರೆಗೆ ಹೋಗುತ್ತಿದ್ದರು. ಅಂಗಡಿಯ ಮುಂದೆ ಹಾಡುತ್ತಿದ್ದ ಅಣ್ಣತಂಗಿಯರ ದನಿಗೆ ಜನ ಸೇರಿದರು, 1832ರಲ್ಲಿ ಅಲ್ಲಿಯೇ ಅವರ ಕಛೇರಿ ನಡೆಯಿತು. ಅದೇ ಕಣಿವೆಯ ರೈನರ್ ಗಾಯಕರು 1839ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದರು. ಹೀಗೆ ಹೋದ ಹಾಡಿಗೆ ಅಪ್ಪಅಮ್ಮ ಯಾರೆಂದು ಗೊತ್ತಿರಲಿಲ್ಲ. ‘ಟಿರೋಲಿನ ಜಾನಪದ ಗೀತೆ’ ಎಂದು ಅಚ್ಚಾಯಿತು. ಮೈಕೆಲ್ ಹೈಡನ್ನರಂಥ ದೊಡ್ಡ ಸಂಗೀತಗಾರರ ರಚನೆಯಿರಬೇಕೆಂದು ಕೆಲವರು ಎಣಿಸಿದರು. ಬರ್ಲಿನ್ನಿನ ಅರಮನೆಯ ಸಂಗೀತ ಮಂಡಳಿಯವರು 1854ರಲ್ಲಿ ಸಾಲ್ಸ್‌ಬರ್ಗಿನ ಸಂತ ಪೇತ್ರರ ಮಠಕ್ಕೆ ಈ ಬಗ್ಗೆ ಪತ್ರ ಬರೆದು ವಿಚಾರಿಸಿದ್ದರಿಂದಲೇ ಗ್ರೂಬರ್ ಆ ವಿವರಣೆ ಬರೆದದ್ದು. ಅಷ್ಟರಲ್ಲಿ ಮೋರ್ ತೀರಿಕೊಂಡು ಆರು ವರ್ಷವಾಗಿತ್ತು. ವಾಗ್ರೈನ್ ಎಂಬ ಊರಿನಲ್ಲಿ ಬಡಮಕ್ಕಳಿಗಾಗಿ ಶಾಲೆ ಕಟ್ಟಿಸಿ, 1848ರ ಡಿಸೆಂಬರ್ 4ರಂದು ಬಡವರಾಗಿಯೇ ಅವರು ಕಣ್ಣುಮುಚ್ಚಿದರು. ತಮ್ಮ ಹಾಡು ಎಲ್ಲೆಲ್ಲಿ ಹೋಯಿತೆಂದು ಅವರಿಗೆ ಎಷ್ಟು ತಿಳಿದಿತ್ತೋ.

1914ರ ಡಿಸೆಂಬರ್ 24ರ ರಾತ್ರಿಯನ್ನು ಇಲ್ಲಿ ಹೇಳದೆ ಇರಲಾರೆ. ಬೆಲ್ಜಿಯಂ ಮತ್ತು ಫ್ರಾನ್ಸಿನ ನೆಲದಲ್ಲಿ ಎದುರುಬದುರು ಕಂದಕಗಳಲ್ಲಿ ಜರ್ಮನ್ ಮತ್ತು ಬ್ರಿಟಿಷ್ ಸೈನಿಕರು ಕೂತಿದ್ದರು. ಹಲವು ಕಡೆ ಜರ್ಮನರು ಕಂದಕದ ಅಂಚಿನಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಈ ಹಾಡು ಹಾಡಿದರು. ಆ ಕಡೆಯವರು ತಮ್ಮ ಹಾಡಿನಿಂದ ಉತ್ತರಿಸಿದರು. ಮರುದಿನ ಕೆಲವೆಡೆ ಎರಡೂ ಕಡೆಯವರು ಹೊರಬಂದು ಕೈಕುಲುಕಿ, ನಡುವೆ ಬಿದ್ದಿದ್ದ ತಮ್ಮ ತಮ್ಮವರ ಶವಗಳನ್ನು ಮಣ್ಣುಮಾಡಿದರು. ಯುದ್ಧ ನಿಲ್ಲಲಿಲ್ಲ, ಇನ್ನೂ ನಾಲ್ಕು ವರ್ಷ ನಡೆಯಿತು. ಆದರೆ ಅಲ್ಲಿಂದ ಬದುಕಿ ಬಂದವರಿಗೆ ಆ ರಾಗ ಕೇಳಿದಾಗ ನೆನಪಾದದ್ದು ಓಬರ್ನ್‌ಡಾರ್ಫ್ ಅಲ್ಲ, ತಮ್ಮ ಮನೆಯ ಗೋದಲಿಯೂ ಅಲ್ಲ, ಆ ಕೆಸರಿನ ಹೊಲ. ಹಾಡು ಯಾರ ಬಳಿಗೆ ಹೋಗುತ್ತದೋ ಅವರ ನೆಲಕ್ಕೆ ಅಂಟಿಕೊಳ್ಳುತ್ತದೆ.

ಇತ್ತ ಓಬರ್ನ್‌ಡಾರ್ಫಿನಲ್ಲಿ ಏನಾಯಿತು? 1890ರ ದಶಕದಲ್ಲಿ ಸಾಲ್ಜಾಖ್ ನದಿ ಮತ್ತೆ ಮತ್ತೆ ಉಕ್ಕಿ ಊರನ್ನೂ ದೇವಾಲಯವನ್ನೂ ಹಾಳುಗೆಡವಿತು. ಜನ ಸ್ವಲ್ಪ ಮೇಲಿನ ಜಾಗಕ್ಕೆ ಊರನ್ನೇ ಸರಿಸಿ, ಅಲ್ಲಿ ಹೊಸ ದೇವಾಲಯ ಕಟ್ಟಿಕೊಂಡರು. ಕಳೆದ ಶತಮಾನದ ಆರಂಭದಲ್ಲಿ ಸಂತ ನಿಕೋಲಾಸರ ಹಳೆಯ ದೇವಾಲಯವನ್ನು ಕೆಡವಿದರು. ಹಾಡು ಮೊದಲು ಕೇಳಿಬಂದ ಜಾಗದಲ್ಲಿ ಉಳಿದದ್ದು ಕಲ್ಲುಮಣ್ಣಿನ ಒಂದು ದಿಬ್ಬ. ಅದನ್ನು ಓದಿದಾಗ ನನಗೆ ನಮ್ಮ ಹೆಂಚಿನ ದೇವಾಲಯದ ಮರದ ತೊಲೆಗಳನ್ನು ಲಾರಿಗೆ ಏರಿಸಿದ ದಿನ ನೆನಪಾಯಿತು. ಅವರು ಕೆಡವಿದ್ದು ತಪ್ಪೆಂದು ನಾನು ಹೇಳಲಾರೆ. ನೀರು ನುಗ್ಗುವ ಜಾಗದಲ್ಲಿ ಇನ್ನೇನು ಮಾಡಬೇಕಿತ್ತು? ಆದರೆ ಅವರು ದಿಬ್ಬವನ್ನು ದಿಬ್ಬವಾಗಿಯೇ ಬಿಡಲಿಲ್ಲ. 1924ರಲ್ಲಿ ಅದರ ಮೇಲೆ ಎಂಟು ಮೂಲೆಯ ಒಂದು ಪುಟ್ಟ ಪ್ರಾರ್ಥನಾಲಯಕ್ಕೆ ಅಡಿಗಲ್ಲು ಹಾಕಿದರು. ಅದು ಮುಗಿದು ಆಶೀರ್ವದಿಸಲ್ಪಟ್ಟದ್ದು 1937ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು. ಹದಿಮೂರು ವರ್ಷ! ಕಿಟಕಿಯ ಬಣ್ಣದ ಗಾಜಿನಲ್ಲಿ ಮೋರ್ ಮತ್ತು ಗ್ರೂಬರ್ ಇದ್ದಾರೆ. ಇಂದಿಗೂ ಪ್ರತಿ ಡಿಸೆಂಬರ್ 24ರ ಸಂಜೆ ಜನ ಅದರ ಮುಂದೆ ಸೇರಿ, ಗಿಟಾರ್ ನುಡಿಸಿ, ಇಬ್ಬರ ದನಿಯಲ್ಲಿ ಹಾಡು ಶುರುಮಾಡುತ್ತಾರೆ.

ಇದನ್ನೆಲ್ಲ ಓದಿಕೊಂಡ ಮೇಲೆ ಒಂದು ಸಂಜೆ ನಾನು ಮಾಸ್ಟ್ರ ಮನೆಗೆ ಹೋದೆ. ಮೈಕಿನ ಮಾತೆತ್ತಲಿಲ್ಲ. “ಹಳೇ ಚರ್ಚಲ್ಲಿ ನೀವು ಎಲ್ಲಿ ನಿಂತು ಹಾಡ್ತಿದ್ರಿ ಮಾಸ್ಟ್ರೇ?” ಎಂದು ಕೇಳಿದೆ. ಅವರು ತಕ್ಷಣ ಹೇಳಲಿಲ್ಲ. ಆಮೇಲೆ, ಎಡಗಡೆಯ ಎರಡನೆಯ ಕಂಬದ ಬಳಿ ತಾವು, ಅದರ ಪಕ್ಕ ಹಾರ್ಮೋನಿಯಂ, ಎದುರಿಗೆ ಹೆಂಗಸರ ಸಾಲಿನಲ್ಲಿ ಗೋಡೆಗೊರಗಿ ತಮ್ಮ ಅವ್ವ ಎಂದರು. ಅವ್ವನಿಗೆ ಓದು ಬರುತ್ತಿರಲಿಲ್ಲವಂತೆ. ವರ್ಷಕ್ಕೆ ಇದೊಂದು ಹಾಡಿಗೆ ಮಾತ್ರ ದನಿ ಸೇರಿಸುತ್ತಿದ್ದರಂತೆ.

ಹಳೆಯ ದೇವಾಲಯವಿದ್ದ ಜಾಗದಲ್ಲಿ ಆಗ ಬೈಕು, ಸೈಕಲ್ಲು ನಿಲ್ಲಿಸುತ್ತಿದ್ದರು. ಆ ವರ್ಷದ ಕ್ರಿಸ್ತಜಯಂತಿಯ ರಾತ್ರಿ ಪೂಜೆಗೆ ಅರ್ಧ ಗಂಟೆ ಮೊದಲು ಯುವಕರು ಅವನ್ನೆಲ್ಲ ಪಕ್ಕಕ್ಕೆ ಸರಿಸಿದರು. ಮಾಸ್ಟ್ರು ತಮ್ಮ ಹಾರ್ಮೋನಿಯಂ ಹೊರಿಸಿಕೊಂಡು ಬಂದು, ಹೆಜ್ಜೆ ಎಣಿಸಿ, “ಕಂಬ ಇಲ್ಲಿತ್ತು” ಎಂದು ಒಂದು ಕಡೆ ನಿಂತರು. ಆ ಮಾತು ಕೇಳಿದ್ದೇ ತಡ, ನಾನು ಹೇಳದೆಯೇ ಹಿರಿಯರು ಒಬ್ಬೊಬ್ಬರಾಗಿ ತಾವು ಹಿಂದೆ ನಿಲ್ಲುತ್ತಿದ್ದ ಜಾಗ ಹುಡುಕಿಕೊಂಡು ನಿಲ್ಲತೊಡಗಿದರು. ಮಕ್ಕಳು ನಗುತ್ತಿದ್ದರು. ನಾನು ಪೀಠವಿದ್ದ ಕಡೆ ಮೇಣದ ಬತ್ತಿ ಹಿಡಿದು ನಿಂತೆ. ಮಾಸ್ಟ್ರು ಎದುರಿನ ಖಾಲಿ ಜಾಗವನ್ನೇ ನೋಡುತ್ತಾ ಶ್ರುತಿ ಹಿಡಿದರು.