ಹಾಯಿಯಾಗಬಾರದ ಬಟ್ಟೆ: ಕ್ಯಾಂಪರ್ ವ್ಯಾನಿನ ಮೇಲ್ಕಟ್ಟು ನಡೆದುಬಂದ ದಾರಿ

ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿಗೊಂದು ತೊಟ್ಟಿ - ಇವಿಷ್ಟನ್ನೂ ತನ್ನೊಳಗೆ ಅಡಗಿಸಿಕೊಂಡು ಊರಿಂದ ಊರಿಗೆ ಸಾಗುವ ವಾಹನವೇ ಕ್ಯಾಂಪರ್ ವ್ಯಾನ್. ಇದರ ಒಳಗಿನ ಜಾಗ ತೀರ ಕಿರಿದು. ಇಬ್ಬರು ಎದ್ದು ನಿಂತರೆ ಮೂರನೆಯವರಿಗೆ ಎಡೆಯಿಲ್ಲ. ಆದ್ದರಿಂದ ವ್ಯಾನ್ ನಿಂತೊಡನೆ ಅದರ ಪಕ್ಕದಿಂದ ಬಟ್ಟೆಯ ಮಾಡೊಂದನ್ನು ಹೊರಕ್ಕೆ ಎಳೆದು, ಅದರ ಕೆಳಗೆ ಕುರ್ಚಿ ಮೇಜು ಹಾಕಿಕೊಳ್ಳುವುದು ಯೂರೋಪ್, ಅಮೆರಿಕ, ಆಸ್ಟ್ರೇಲಿಯಗಳ ಪ್ರವಾಸಿಗರ ರೂಢಿ. ಇಂಗ್ಲಿಷಿನಲ್ಲಿ ಇದಕ್ಕೆ ಆನಿಂಗ್ ಎನ್ನುತ್ತಾರೆ. ಬಿಸಿಲು ತಡೆಯಲು ಮೇಲೆ ಕಟ್ಟುವ ಬಟ್ಟೆಗೆ ಕನ್ನಡದಲ್ಲಿ ಮೇಲ್ಕಟ್ಟು ಎಂಬ ಹಳೆಯ ಮಾತಿದೆ. ಈ ಲೇಖನದಲ್ಲಿ ಆ ಮಾತನ್ನೇ ಬಳಸೋಣ.

ಮೇಲ್ಕಟ್ಟು ನೋಡಲು ಬಲು ಸರಳ. ಒಂದು ಬಟ್ಟೆ, ಎರಡು ಕೋಲು, ನಾಲ್ಕು ಹಗ್ಗ. ಆದರೆ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆ ಗಾಳಿಯ ಪಾಲಿಗೆ ಹಾಯಿಯೇ. ಹಡಗನ್ನು ಸಾಗರದಾಚೆಗೆ ಒಯ್ಯುವ ಅದೇ ಬಲ ವ್ಯಾನಿನ ಪಕ್ಕದ ಬಟ್ಟೆಯ ಮೇಲೂ ಕೆಲಸ ಮಾಡುತ್ತದೆ. ನೆರಳು ಬೇಕು, ಗಾಳಿಯ ಸೆಳೆತ ಬೇಡ. ಈ ತೊಡಕನ್ನು ಬಿಡಿಸಲು ಮನುಷ್ಯ ಎರಡು ಸಾವಿರ ವರ್ಷಗಳಿಂದ ಹೆಣಗಿದ್ದಾನೆ. ಆ ಇತಿಹಾಸವನ್ನು ತಿಳಿದರೆ ಮೇಲ್ಕಟ್ಟನ್ನು ಆರಿಸುವುದು ಹೇಗೆ, ಬಳಸುವುದು ಹೇಗೆ ಎಂಬುದೂ ತಿಳಿಯುತ್ತದೆ.

ರೋಮಿನ ನಾವಿಕರು

ಪ್ರಾಚೀನ ರೋಮಿನಲ್ಲಿ ಆಟ ನೋಡಲು ಬಂದ ಜನರಿಗೆ ನೆರಳು ಕೊಡುವುದು ದೊಡ್ಡ ಸಮಸ್ಯೆಯಾಗಿತ್ತು. ಕ್ರಿ.ಪೂ. 69ರಲ್ಲಿ ಕ್ಯಾಪಿಟಲ್ ದೇಗುಲವನ್ನು ಅರ್ಪಿಸಿದ ಕ್ವಿಂಟಸ್ ಕ್ಯಾಟುಲಸ್ ಎಂಬವನು ಪ್ರೇಕ್ಷಕರ ಮೇಲೆ ಬಟ್ಟೆ ಹರಡಿಸಿದವರಲ್ಲಿ ಮೊದಲಿಗನೆಂದು ಪ್ಲಿನಿ ಬರೆದಿದ್ದಾನೆ. ಕ್ರಿ.ಶ. 80ರಲ್ಲಿ ಕೊಲೋಸಿಯಮ್ ಉದ್ಘಾಟನೆಯಾದಾಗ ಈ ವಿದ್ಯೆ ಬಹಳ ಮುಂದುವರಿದಿತ್ತು. ಸುಮಾರು 48 ಮೀಟರ್ ಎತ್ತರದ ಆ ಕಟ್ಟಡದ ತುದಿಯಲ್ಲಿ ಸುತ್ತಲೂ 240 ಮರದ ಕಂಬಗಳನ್ನು ನಿಲ್ಲಿಸಲು ಕಲ್ಲಿನ ಚಾಚುಗಳಿದ್ದವು. ಕಂಬಗಳಿಗೆ ಹಗ್ಗ ಬಿಗಿದು, ಹಗ್ಗದ ಮೇಲೆ ಬಟ್ಟೆಯನ್ನು ಎಳೆಯುತ್ತಿದ್ದರು.

ಈ ಕೆಲಸ ಮಾಡುತ್ತಿದ್ದವರು ನೌಕಾಪಡೆಯ ನಾವಿಕರು. ಬಟ್ಟೆ, ಹಗ್ಗ, ರಾಟೆಗಳನ್ನು ಗಾಳಿಯ ನಡುವೆ ಪಳಗಿಸುವ ಅನುಭವ ಇದ್ದುದು ಅವರಿಗೇ. ಗಾಳಿ ಜೋರಾದಾಗ ಅವರೂ ಕೈಕಟ್ಟಿ ಕೂರುತ್ತಿದ್ದರು. ಪಾಂಪೆಯ ರಂಗಮಂದಿರದಲ್ಲಿ ಗಾಳಿಯಿಂದಾಗಿ ಮೇಲ್ಕಟ್ಟು ಹಾಕಲಾಗದ ದಿನಗಳಿದ್ದವು ಎಂಬುದು ಮಾರ್ಷಿಯಲ್ ಕವಿಯ ಮಾತುಗಳಿಂದ ತಿಳಿಯುತ್ತದೆ. ಮೇಲ್ಕಟ್ಟಿನ ಮೊದಲ ನಿಯಮ ಹೀಗೆ ಆಗಲೇ ರೂಪುಗೊಂಡಿತ್ತು: ಗಾಳಿ ಬಲವಾದರೆ ಬಟ್ಟೆಯನ್ನು ಸುತ್ತಿಡಬೇಕು.

ಇನ್ನೊಂದು ಸಂಗತಿಯನ್ನು ಲುಕ್ರೀಷಿಯಸ್ ಗಮನಿಸಿದ್ದ. ರಂಗಮಂದಿರದ ಹಳದಿ, ಕೆಂಪು ಬಟ್ಟೆಗಳ ಮೂಲಕ ಹಾದುಬಂದ ಬೆಳಕು ಕೆಳಗಿರುವ ಜನರನ್ನೆಲ್ಲ ಅದೇ ಬಣ್ಣದಲ್ಲಿ ಅದ್ದಿದಂತೆ ತೋರುತ್ತಿತ್ತು. ಇಂದು ಮೇಲ್ಕಟ್ಟಿನ ಬಣ್ಣ ಆರಿಸುವವರೂ ಇದನ್ನು ನೆನಪಿಡಬೇಕು. ಗಾಢ ಕೆಂಪು ಬಟ್ಟೆಯ ಕೆಳಗೆ ಬಡಿಸಿದ ಊಟವೂ ಕೆಂಪಗೆ ಕಾಣುತ್ತದೆ.

ಹಳೆಯ ಹಾಯಿಯ ಹೊಸ ಕೆಲಸ

ಮಧ್ಯಯುಗದ ನಂತರವೂ ಮೇಲ್ಕಟ್ಟಿನ ನಂಟು ಹಡಗಿನೊಂದಿಗೇ ಇತ್ತು. ಉಷ್ಣವಲಯದ ಬಂದರುಗಳಲ್ಲಿ ಲಂಗರು ಹಾಕಿದ ಹಡಗುಗಳು ತಮ್ಮ ಅಟ್ಟದ ಮೇಲೆ ಬಟ್ಟೆ ಹರಡಿಕೊಳ್ಳುತ್ತಿದ್ದವು. 1607ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ಗೆ ಬಂದಿಳಿದ ಇಂಗ್ಲಿಷ್ ವಲಸಿಗರು ಹಳೆಯ ಹಾಯಿಯೊಂದನ್ನು ಮೂರು ನಾಲ್ಕು ಮರಗಳಿಗೆ ಕಟ್ಟಿ, ಅದರ ನೆರಳಿನಲ್ಲಿ ಪ್ರಾರ್ಥನೆ ನಡೆಸಿದರೆಂದು ಕ್ಯಾಪ್ಟನ್ ಜಾನ್ ಸ್ಮಿತ್ ದಾಖಲಿಸಿದ್ದಾನೆ.

ಪದಗಳಲ್ಲೂ ಈ ನಂಟು ಉಳಿದಿದೆ. ಕ್ಯಾನ್‌ವಾಸ್ ಎಂಬ ಪದ ಕ್ಯಾನಬಿಸ್ ಗಿಡದ ಹೆಸರಿನಿಂದ ಬಂದುದು. ಹಾಯಿಯ ಬಟ್ಟೆಯನ್ನು ಆ ಗಿಡದ ನಾರಿನಿಂದ ನೇಯುತ್ತಿದ್ದರು. ನಮ್ಮ ಲಾರಿಗಳ ಮೇಲೆ ಹೊದಿಸುವ ಟಾರ್ಪಾಲಿನ್ ಹೆಸರಿನ ಮೊದಲ ಭಾಗ ಟಾರ್, ಅಂದರೆ ಡಾಂಬರಿನಂಥ ಅಂಟು. ಬಟ್ಟೆಗೆ ಟಾರ್ ಬಳಿದರೆ ನೀರು ಇಳಿಯದು. ಆದರೆ ಅದು ಭಾರ, ಅಂಟಂಟು, ಜೊತೆಗೆ ಕೆಟ್ಟ ವಾಸನೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಷ್ ಎರಡು ಪದರ ಬಟ್ಟೆಯ ನಡುವೆ ರಬ್ಬರನ್ನು ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನೀರು ನಿಂತಿತು, ಆದರೆ ಬಟ್ಟೆ ಉಸಿರಾಡುವುದೂ ನಿಂತಿತು. ಒಳಗಿನ ಆವಿ ಹೊರಹೋಗಲಾಗದೆ ಬಟ್ಟೆಯ ಒಳಮೈಯಲ್ಲೇ ಹನಿಗಟ್ಟುತ್ತಿತ್ತು.

ಹತ್ತಿಯ ಉಪಾಯ

ಈ ವಿಷಯದಲ್ಲಿ ದಟ್ಟವಾಗಿ ನೇಯ್ದ ಹತ್ತಿಯ ಬಟ್ಟೆ ಜಾಣತನ ತೋರುತ್ತದೆ. ಹತ್ತಿಯ ಎಳೆ ಸೆಲ್ಯುಲೋಸ್‌ನಿಂದಾದುದು. ಒದ್ದೆಯಾದಾಗ ಅದು ನೀರು ಹೀರಿ ಊದಿಕೊಳ್ಳುತ್ತದೆ. ಆಗ ಎಳೆಗಳ ನಡುವಿನ ರಂಧ್ರಗಳು ಕಿರಿದಾಗುತ್ತವೆ. ಅಳಿದುಳಿದ ಸಂದುಗಳಲ್ಲಿ ನೀರಿನ ಮೇಲ್ಮೈ ಎಳೆತ ಒಂದು ಬಗೆಯ ಮುಚ್ಚಳವಾಗುತ್ತದೆ. ಬಿಸಿಲು ಬಂದಾಗ ಎಳೆ ಒಣಗಿ ರಂಧ್ರಗಳು ಮತ್ತೆ ತೆರೆಯುತ್ತವೆ. ಹೊಸ ಹತ್ತಿ ಗುಡಾರವನ್ನು ಬಳಸುವ ಮುನ್ನ ಒಮ್ಮೆ ಪೂರ್ತಿ ನೆನೆಸಿ ಒಣಗಿಸುವುದು ಇದಕ್ಕಾಗಿಯೇ. ಹೊಲಿಗೆಯ ತೂತುಗಳು ಆಗ ಮುಚ್ಚಿಕೊಳ್ಳುತ್ತವೆ. ಮಳೆಯಲ್ಲಿ ಒಳಗಿನಿಂದ ಬಟ್ಟೆಗೆ ಬೆರಳು ತಾಗಿಸಿದರೆ ಮಾತ್ರ ಮೇಲ್ಮೈ ಎಳೆತದ ಮುಚ್ಚಳ ಮುರಿದು, ಅಲ್ಲಿಂದ ನೀರು ತೊಟ್ಟಿಕ್ಕತೊಡಗುತ್ತದೆ.

ಹತ್ತಿಯ ಗುಡಾರಗಳು ಬಹುಕಾಲ ಅರಸರ ಮತ್ತು ಸೈನ್ಯಗಳ ಸೊತ್ತಾಗಿದ್ದವು. ನಮ್ಮ ಟಿಪ್ಪು ಸುಲ್ತಾನನದೆಂದು ಪ್ರಸಿದ್ಧವಾದ, ಹೂಬಳ್ಳಿಗಳ ಚಿತ್ತಾರದ ಹತ್ತಿ ಗುಡಾರವೊಂದು ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಪೊವಿಸ್ ಕೋಟೆಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅದು ಕ್ಲೈವ್ ಮನೆತನದ ಕೈಸೇರಿತು. ಆ ಮನೆತನದವರು ಅದನ್ನು ತಮ್ಮ ತೋಟದ ಔತಣಗಳಿಗೆ ನೆರಳಾಗಿ ಬಳಸಿದರು. ಯುದ್ಧಭೂಮಿಯ ಬಟ್ಟೆ ವಿಹಾರದ ಬಟ್ಟೆಯಾದುದಕ್ಕೆ ಇದೊಂದು ಉದಾಹರಣೆ.

ಮನೆ ಚಕ್ರವೇರಿತು

ಸಾಮಾನ್ಯರ ವಿಹಾರಕ್ಕೆ ದಾರಿ ತೋರಿದವನೂ ಕಡಲಿನ ನಂಟಿನವನೇ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಕುದುರೆಗಳು ಎಳೆಯುವ ವಾಸದ ಗಾಡಿಯೊಂದನ್ನು ಬ್ರಿಸ್ಟಲ್‌ನಲ್ಲಿ ಕಟ್ಟಿಸಿದ. ಅದಕ್ಕೆ ವಾಂಡರರ್ ಎಂದು ಹೆಸರಿಟ್ಟು, ನೆಲದ ಮೇಲಿನ ವಿಹಾರನೌಕೆ ಎಂದು ಕರೆದ. ವಿಹಾರಕ್ಕೆಂದೇ ಕಟ್ಟಿದ ಮೊದಲ ಕ್ಯಾರವಾನ್ ಎಂಬ ಹೆಸರು ಅದಕ್ಕಿದೆ. 1907ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. 1910ರಲ್ಲಿ ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿ ಪ್ರವಾಸಕ್ಕೆ ಬೇಕಾದ ಸಲಕರಣೆಗಳಿದ್ದ ಮೋಟಾರು ವಾಹನವನ್ನು ಪ್ರದರ್ಶಿಸಿತು.

ಕ್ಯಾಂಪರ್ ವ್ಯಾನನ್ನು ಮನೆಮಾತಾಗಿಸಿದ್ದು ಜರ್ಮನಿ. ಫೋಕ್ಸ್‌ವ್ಯಾಗನ್ ಕಾರ್ಖಾನೆ 1950ರಲ್ಲಿ ತಯಾರಿಸತೊಡಗಿದ ಪೆಟ್ಟಿಗೆಯಾಕಾರದ ವ್ಯಾನಿಗೆ ವೆಸ್ಟ್‌ಫಾಲಿಯಾ ಕಂಪನಿ 1951ರಿಂದ ಹಾಸಿಗೆ, ಕಪಾಟುಗಳನ್ನು ಜೋಡಿಸಿಕೊಟ್ಟಿತು. ಅದರ ಪಕ್ಕಕ್ಕೆ ಕಟ್ಟುವ ಪಟ್ಟೆಪಟ್ಟೆ ಬಟ್ಟೆಯ ಮೇಲ್ಕಟ್ಟು ಆ ವ್ಯಾನಿನ ಗುರುತೇ ಆಯಿತು. ಕೋಲು, ಹಗ್ಗ, ಗೂಟ ಹಿಡಿದು ಅದನ್ನು ಕಟ್ಟಲು ಸಮಯ ಬೇಕಿತ್ತು.

ಬಟ್ಟೆಯನ್ನು ಬೇಗ ಸುತ್ತುವ ಉಪಾಯ ಕಿಟಕಿಯ ಪರದೆಯಲ್ಲಿ ಆಗಲೇ ಇತ್ತು. ಅಮೆರಿಕದ ಸ್ಟೂವರ್ಟ್ ಹಾರ್ಟ್ಸ್‌ಹಾರ್ನ್ 1864ರಲ್ಲಿ ಸ್ಪ್ರಿಂಗ್ ಇರುವ ಉರುಳೆಗೆ ಪೇಟೆಂಟ್ ಪಡೆದಿದ್ದ. ಪರದೆಯನ್ನು ಎಳೆದಾಗ ಸ್ಪ್ರಿಂಗ್ ಬಿಗಿಯುತ್ತದೆ, ಬಿಟ್ಟಾಗ ಪರದೆ ತಾನೇ ಸುತ್ತಿಕೊಳ್ಳುತ್ತದೆ. ಅಮೆರಿಕದ ಪ್ರವಾಸಿ ವಾಹನಗಳ ಮೇಲ್ಕಟ್ಟಿನ ಉರುಳೆಯಲ್ಲಿ ಇದೇ ತತ್ತ್ವ ಅಡಗಿದೆ. ಯೂರೋಪಿನಲ್ಲಿ ಹೆಚ್ಚಾಗಿ ಬಳಸುವುದು ಪೆಟ್ಟಿಗೆ ಮಾದರಿಯನ್ನು. ಅದರಲ್ಲಿ ಹಿಡಿಯನ್ನು ತಿರುಗಿಸಿದಂತೆ ಹಲ್ಲುಗಾಲಿ ಉರುಳೆಯನ್ನು ತಿರುಗಿಸುತ್ತದೆ. ಮೊಣಕೈಯಂತೆ ಮಡಚುವ ಎರಡು ತೋಳುಗಳು ಸ್ಪ್ರಿಂಗಿನ ಬಲದಿಂದ ಚಾಚಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತವೆ.

ಒಳಗೂ ಹೊರಗೂ ಒಂದೇ ಬಣ್ಣ

ಹತ್ತಿಗೆ ಎರಡು ಶತ್ರುಗಳು: ಬೂಷ್ಟು ಮತ್ತು ಬಿಸಿಲು. ಒದ್ದೆ ಬಟ್ಟೆಯನ್ನು ಸುತ್ತಿಟ್ಟರೆ ಶಿಲೀಂಧ್ರಗಳು ಸೆಲ್ಯುಲೋಸನ್ನು ತಿಂದು ಬಟ್ಟೆಯನ್ನು ಕೊಳೆಸುತ್ತವೆ. ಸೂರ್ಯನ ಅತಿನೇರಳೆ ಕಿರಣಗಳು ಬಣ್ಣವನ್ನು ಮಾಸಿಸಿ ಎಳೆಯನ್ನು ದುರ್ಬಲಗೊಳಿಸುತ್ತವೆ. ಇದಕ್ಕೆ ಪರಿಹಾರ ಬಂದದ್ದು ರಾಸಾಯನಿಕ ನೂಲಿನಿಂದ. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲನ್ನು ರೂಪಿಸಿದರು. 1950ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಆರ್ಲಾನ್ ಎಂಬ ಅಕ್ರಿಲಿಕ್ ನೂಲನ್ನು ವಾಣಿಜ್ಯ ಪ್ರಮಾಣದಲ್ಲಿ ತಯಾರಿಸಿತು. 1961ರಲ್ಲಿ ಗ್ಲೆನ್ ರೇವನ್ ಎಂಬ ಕಂಪನಿ ಮೇಲ್ಕಟ್ಟಿಗೆಂದೇ ಅಕ್ರಿಲಿಕ್ ಬಟ್ಟೆಯನ್ನು ಹೊರತಂದಿತು.

ಇದರ ವಿಶೇಷ ಬಣ್ಣ ಹಾಕುವ ಕ್ರಮದಲ್ಲಿದೆ. ನೇಯ್ದ ಬಟ್ಟೆಯನ್ನು ಬಣ್ಣದಲ್ಲಿ ಅದ್ದುವ ಬದಲು, ನೂಲು ತೆಗೆಯುವ ಮೊದಲೇ ದ್ರಾವಣಕ್ಕೆ ಬಣ್ಣ ಬೆರೆಸುತ್ತಾರೆ. ಮೈಗೆ ಹಚ್ಚಿದ ಅರಿಶಿನ ತೊಳೆದರೆ ಹೋಗುತ್ತದೆ. ಅರಿಶಿನದ ಕೊಂಬನ್ನು ಎಲ್ಲಿ ಮುರಿದರೂ ಹಳದಿಯೇ. ಈ ನೂಲಿನ ಬಣ್ಣವೂ ಹಾಗೆಯೇ, ಆದ್ದರಿಂದ ಬೇಗ ಮಾಸುವುದಿಲ್ಲ. ಅಕ್ರಿಲಿಕ್ ಬಟ್ಟೆ ಗಾಳಿಯಾಡಲು ಬಿಡುತ್ತದೆ. ಆದರೆ ಸುರಿಮಳೆಯನ್ನು ಬಹಳ ಹೊತ್ತು ತಡೆಯದು. ಪಾಲಿಯೆಸ್ಟರಿನ ಮೇಲೆ ಪಿವಿಸಿ ಲೇಪಿಸಿದ ಬಟ್ಟೆ ಮಳೆಯನ್ನು ಪೂರ್ತಿ ತಡೆಯುತ್ತದೆ, ಒರೆಸಲು ಸುಲಭ. ಆದರೆ ಭಾರ ಹೆಚ್ಚು, ಗಾಳಿಯಾಡದು.

ಗಾಳಿಯ ಲೆಕ್ಕ

ನೂಲು ಬದಲಾದರೂ ಗಾಳಿ ಬದಲಾಗಲಿಲ್ಲ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಗಾಳಿಯ ಬಲಕ್ಕೆ ಒಂದು ಮಾಪಕವನ್ನು ರೂಪಿಸಿದ. 1838ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕಡ್ಡಾಯ ಮಾಡಿತು. ಯಾವ ಗಾಳಿಗೆ ಯುದ್ಧನೌಕೆ ಎಷ್ಟು ಹಾಯಿ ಬಿಚ್ಚಬಹುದು ಎಂಬುದೇ ಅದರ ಅಳತೆಗೋಲು. ಯಾವ ಹಾಯಿಯೂ ತಾಳಲಾರದ ಗಾಳಿಗೆ ಕೊನೆಯ ಅಂಕ. ಇಂದು ಯೂರೋಪಿನ ಇಎನ್ 13561 ಎಂಬ ಮಾನಕ ಹೊರಾಂಗಣದ ಮೇಲ್ಕಟ್ಟುಗಳನ್ನು ವರ್ಗೀಕರಿಸುವುದೂ ಇದೇ ಮಾಪಕಕ್ಕೆ ಹೊಂದಿಕೊಂಡು. ಅದರ 1ನೇ ವರ್ಗ ಗಂಟೆಗೆ 28 ಕಿಮೀ, 2ನೇ ವರ್ಗ 38 ಕಿಮೀ, 3ನೇ ವರ್ಗ 49 ಕಿಮೀ ವೇಗದವರೆಗಿನ ಗಾಳಿಗೆ ಸಂಬಂಧಿಸಿದ್ದು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 3 ಮೀಟರ್ ಉದ್ದ, 2.5 ಮೀಟರ್ ಚಾಚಿನ ಮೇಲ್ಕಟ್ಟಿನ ವಿಸ್ತೀರ್ಣ 7.5 ಚದರ ಮೀಟರ್. ಇಷ್ಟು ಬಟ್ಟೆಗೆ ಗಂಟೆಗೆ 36 ಕಿಮೀ ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು 460 ನ್ಯೂಟನ್, ಅಂದರೆ 47 ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ. ವೇಗ 72 ಕಿಮೀ ಆದರೆ ಬಲ ಇಮ್ಮಡಿಯಲ್ಲ, ನಾಲ್ಮಡಿ: ಸುಮಾರು 187 ಕಿಲೋಗ್ರಾಂ. ಗಾಳಿ ಕೆಳಗಿನಿಂದ ನುಗ್ಗಿದರೆ ಬಟ್ಟೆ ಮೇಲಕ್ಕೆ ಹಾರಿ, ತೋಳುಗಳು ಮುರಿದು, ವ್ಯಾನಿನ ಮಾಡಿಗೇ ಅಪ್ಪಳಿಸಬಹುದು. ಅಕ್ಕಪಕ್ಕದವರಿಗೂ ಗಾಯವಾಗಬಹುದು.

ಮಳೆಯ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿಮೀ ಮಳೆ ಎಂದರೆ 1 ಲೀಟರ್ ನೀರು. ಅದೇ ಮೇಲ್ಕಟ್ಟಿನ ಮೇಲೆ 10 ಮಿಮೀ ಮಳೆ ಬಿದ್ದು ಹರಿದುಹೋಗದಿದ್ದರೆ 75 ಕಿಲೋಗ್ರಾಂ ಭಾರ. ಭಾರಕ್ಕೆ ಬಟ್ಟೆ ತಗ್ಗುತ್ತದೆ, ತಗ್ಗಿಗೆ ಇನ್ನಷ್ಟು ನೀರು ಸೇರುತ್ತದೆ.

ಆರಿಸುವಾಗ, ಬಳಸುವಾಗ

ಒಂದೆರಡು ರಾತ್ರಿ ತಂಗಿ ಮುಂದೆ ಹೋಗುವವರಿಗೆ ವ್ಯಾನಿಗೇ ಜೋಡಿಸಿದ ಪೆಟ್ಟಿಗೆ ಮೇಲ್ಕಟ್ಟು ಅನುಕೂಲ. ಅದು ಬಿಚ್ಚಲೂ ಸುತ್ತಲೂ ಕೆಲವೇ ನಿಮಿಷ ಸಾಕು. ಆದರೆ ಅದರ ಭಾರ ಸದಾ ವ್ಯಾನಿನ ಒಂದು ಪಕ್ಕಕ್ಕೆ ಇರುತ್ತದೆ. ಒಂದೇ ಕಡೆ ವಾರಗಟ್ಟಲೆ ತಂಗುವವರಿಗೆ ತಾನಾಗಿ ನಿಲ್ಲುವ ಗುಡಾರ ಮಾದರಿ ಒಳ್ಳೆಯದು. ಅದನ್ನು ಅಲ್ಲೇ ಬಿಟ್ಟು ವ್ಯಾನನ್ನು ಪೇಟೆಗೆ ಒಯ್ಯಬಹುದು. ಇದನ್ನು ಕೊಳ್ಳುವ ಮೊದಲು ನೆಲದಿಂದ ವ್ಯಾನಿನ ಮೇಲಂಚಿನ ಜೋಡಣೆ ಪಟ್ಟಿಯವರೆಗಿನ ಎತ್ತರವನ್ನು ಅಳೆಯಬೇಕು. ವ್ಯಾನಿನ ಬಾಗಿಲು ಯಾವ ಪಕ್ಕದಲ್ಲಿದೆ ಎಂಬುದನ್ನೂ ನೋಡಬೇಕು. ವಾಹನಗಳು ಬಲಕ್ಕೆ ಚಲಿಸುವ ದೇಶಗಳಲ್ಲಿ ಬಾಗಿಲು ಸಾಮಾನ್ಯವಾಗಿ ಬಲಕ್ಕಿರುತ್ತದೆ. ನಮ್ಮಂತೆ ಎಡಕ್ಕೆ ಚಲಿಸುವ ಕಡೆ ಅದು ಎಡಕ್ಕಿದ್ದರೆ ಕ್ಷೇಮ.

ಬಳಸುವಾಗ ಹೊರಗಿನ ಎರಡು ಕಾಲುಗಳಲ್ಲಿ ಒಂದನ್ನು ತಗ್ಗಿಸಿ. ಆಗ ನೀರು ಒಂದು ಮೂಲೆಯಿಂದ ಹರಿದುಹೋಗುತ್ತದೆ. ಕಾಲುಗಳನ್ನು ನೆಲಕ್ಕೆ ಗೂಟ ಹೊಡೆದು ಭದ್ರಪಡಿಸಿ. ಹಗ್ಗದ ಗೂಟದ ತಲೆ ಮೇಲ್ಕಟ್ಟಿನಿಂದ ಆಚೆಗೆ ವಾಲಿರಲಿ. ಮಲಗುವ ಮುನ್ನ, ವ್ಯಾನ್ ಬಿಟ್ಟು ಹೋಗುವ ಮುನ್ನ ಬಟ್ಟೆಯನ್ನು ಸುತ್ತಿಡಿ. ಒದ್ದೆಯಿದ್ದಾಗಲೇ ಸುತ್ತಬೇಕಾಗಿ ಬಂದರೆ ಮೊದಲ ಬಿಸಿಲಿಗೆ ಬಿಚ್ಚಿ ಒಣಗಿಸಿ. ಅಕ್ರಿಲಿಕ್ ನೂಲನ್ನು ಬೂಷ್ಟು ತಿನ್ನದಿದ್ದರೂ ಅದರ ಮೇಲೆ ಕುಳಿತ ಕೊಳೆಯನ್ನು ತಿಂದು ಬೆಳೆಯಬಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಮೇಲ್ಕಟ್ಟಿನ ಸುತ್ತ ಗೋಡೆಬಟ್ಟೆ ಇಳಿಬಿಟ್ಟು ಮುಚ್ಚಿದಾಗ ಅದರೊಳಗೆ ಇದ್ದಿಲ ಒಲೆಯನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಇಡಬಾರದು. ಉರಿ ಆರಿದಂತೆ ಕಂಡ ಕೆಂಡವೂ ಕಾರ್ಬನ್ ಮಾನಾಕ್ಸೈಡನ್ನು ಸೂಸುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಜೊತೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಚಳಿಗೆಂದು ಕೆಂಡವನ್ನು ಒಳಗಿಟ್ಟು ಮಲಗಿದವರು ಏಳದೇ ಹೋದ ಪ್ರಸಂಗಗಳು ಬ್ರಿಟನ್ನಿನಲ್ಲಿ ನಡೆದಿವೆ.

ನಮ್ಮ ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದು ನೀತಿಯೊಂದನ್ನು ಪ್ರಕಟಿಸಿತು. ಮುಂಗಾರಿನ ಗಾಳಿಮಳೆ ಬಡಿಯುವ ಪಶ್ಚಿಮ ಕರಾವಳಿಯಲ್ಲಿ ಮೇಲ್ಕಟ್ಟು ಬಿಚ್ಚುವವರು ಗಾಳಿಯ ಲೆಕ್ಕವನ್ನು ಮರೆಯುವಂತಿಲ್ಲ. ನೂಲು, ಉರುಳೆ, ತೋಳು ಎಲ್ಲವೂ ಸುಧಾರಿಸಿದರೂ ರೋಮಿನ ನಾವಿಕರು ಪಾಲಿಸಿದ ನಿಯಮಕ್ಕೆ ಬದಲಿ ಇನ್ನೂ ಸಿಕ್ಕಿಲ್ಲ. ಮರದ ತುದಿಗಳು ತೂಗಾಡತೊಡಗಿದರೆ ಕಾಯುತ್ತ ಕೂರದೆ ಬಟ್ಟೆಯನ್ನು ಸುತ್ತಿಡಬೇಕು.